ನಲವತ್ತನೇ ಸಾಲು

ಒಂದು ಕಾಲೇಜಿನಲ್ಲಿ ಹಂಚಿನಮನಿ ಎಂಬ ಗುರುಗಳಿದ್ದರು. ಅಂಗನವಾಡಿ ಕಾರ್ಯಕರ್ತೆಯರೂ ತಮಗೆ ಬೇಕಾದ ಪ್ರೋಗ್ರಾಂ ತಾವೇ ಬರೆದುಕೊಳ್ಳಲಿ ಎಂದು ಅವರು ಕನ್ನಡದಲ್ಲೊಂದು ಕಂಪ್ಯೂಟರ್ ಭಾಷೆ ಕಟ್ಟಿದರು. ಬರೆದದ್ದನ್ನು ಓದಿ ತಪ್ಪು ತೋರಿಸುವ ಕಂಪೈಲರ್ ಕಟ್ಟುವುದು ಶಿಷ್ಯ ಪ್ರಹ್ಲಾದನ ಕೆಲಸ. ಅವನು ಜಾಣ. ಅವನ ಕಂಪೈಲರ್ ಒಂದು ತಪ್ಪನ್ನೂ ಬಿಡುತ್ತಿರಲಿಲ್ಲ.

ಆದರೆ ಅದು ಹೇಳುವ ರೀತಿ ಹೀಗಿತ್ತು: “ಸಾಲು ೪೦: ವಿಧ ಹೊಂದಿಕೆಯಾಗಿಲ್ಲ. ನಿರೀಕ್ಷಿತ: ಪಠ್ಯ. ದೊರೆತದ್ದು: ಸಂಖ್ಯೆ.”

“ಇದು ಯಾರಿಗೆ ತಿಳಿಯುತ್ತದಪ್ಪಾ?” ಎಂದರು ಗುರುಗಳು.

“ಅದರಲ್ಲಿ ಒಂದಕ್ಷರ ಸುಳ್ಳಿದ್ದರೆ ತೋರಿಸಿ ಸರ್. ತಿಳಿಯದವರು ಕಲಿಯಲಿ.”

ಗುರುಗಳು ಅದನ್ನು ಹಾಗೆಯೇ ಅಂಗನವಾಡಿಗಳಿಗೆ ಕೊಟ್ಟರು. ಕೊಟ್ಟದ್ದು ಅವರ ತಪ್ಪು.

ಕೆಲವು ತಿಂಗಳ ಮೇಲೆ ಫಕೀರವ್ವ ಎಂಬ ಅಂಗನವಾಡಿ ಕಾರ್ಯಕರ್ತೆ ತಮ್ಮ ಅಂಗನವಾಡಿಯ ಒಂದು ಕೂಸನ್ನು ಎತ್ತಿಕೊಂಡೇ ಕಾಲೇಜಿಗೆ ಬಂದರು.

“ಸರ, ತೂಕ ಕಡಿಮಿ ಇದ್ದ ಮಕ್ಕಳ ಹೆಸರು ತೋರಿಸ್ಲಿ ಅಂತ ಪ್ರೋಗ್ರಾಂ ಬರದೆ. ತಿಂಗಳಾತು, ಯಾರೂ ಇಲ್ಲ ಅಂತೈತಿ. ಈ ಕೂಸನ್ನ ಎತ್ತಿದ್ರ ಹತ್ತಿ ಎತ್ತಿದಂಗ ಆಗತೈತಿ. ನನ್ನ ಕೈ ಸುಳ್ಳೋ, ನಿಮ್ಮ ಕಂಪ್ಯೂಟರ್ ಸುಳ್ಳೋ?”

ಪ್ರಹ್ಲಾದ ಅವರ ಪ್ರೋಗ್ರಾಂ ತೆರೆದು ನೋಡಿದ. “ತೂಕ ಹೋಲಿಸುವ ಸಾಲೇ ಇಲ್ಲವಲ್ಲ ಇಲ್ಲಿ!”

“ಇತ್ತು. ನಲವತ್ತನೇದು. ನಿಮ್ಮ ಕಂಪೈಲರ್ ಅದನ್ನಽ ತಪ್ಪು ಅಂತು. ದೊಡ್ಡ ಕಾಲೇಜಿನವರು ಮಾಡಿದ್ದು, ನನಗಿಂತ ಶಾಣ್ಯಾ ಇರಬೇಕು ಅಂತ ಅಳಿಸಿದೆ. ಆಮ್ಯಾಲೆ ಅದು ಬಾಯಿ ಮುಚ್ಚಿತು.”

ಅಳಿಸಿದ ಸಾಲು ಏನಿತ್ತೆಂದು ಕೇಳಿದರೆ, ಅದು ಸರಿಯಾಗಿಯೇ ಇತ್ತು. ತಪ್ಪಿದ್ದದ್ದು ಮೂರನೆಯ ಸಾಲಿನಲ್ಲಿ. ತೂಕದ ಪುಸ್ತಕದಲ್ಲಿ ಬರೆಯುವ ರೂಢಿಯಂತೆ ಅವರು ಪ್ರತಿ ಅಂಕಿಯ ಪಕ್ಕ ‘ಕೆಜಿ’ ಎಂದು ಸೇರಿಸಿದ್ದರು. ಕಂಪೈಲರ್ ಅದನ್ನು ಅಂಕಿಯೆನ್ನದೆ ಬರೀ ಅಕ್ಷರವೆಂದು ಬಗೆದಿತ್ತು. ಮುಂದೆ ನಲವತ್ತರಲ್ಲಿ ನಿಜವಾದ ಅಂಕಿ ಎದುರಾದಾಗ, ಆ ಸಾಲನ್ನೇ ದೂರಿತ್ತು.

ಪ್ರಹ್ಲಾದನ ಮುಖ ಇಳಿಯಿತು.

“ಈಗ ಸಂದೇಶ ಬರಿ,” ಎಂದರು ಗುರುಗಳು. “ಇವರು ಅದನ್ನು ಓದಿ ತಾವೇ ತಿದ್ದಬೇಕು. ನೀನು ಬಾಯಿ ತೆರೆಯುವ ಹಾಗಿಲ್ಲ.”

ಅವನು ಬರೆದ. ಫಕೀರವ್ವ ಓದಿ ತಿಳಿಯಲಿಲ್ಲವೆಂದು ತಲೆಯಾಡಿಸಿದರು. ಮತ್ತೆ ಬರೆದ. “ಇದೂ ನಿಮ್ಮ ಮಂದಿ ಮಾತಽ ಆತಲ್ಲೋ ತಮ್ಮಾ,” ಎಂದರು. ಮೂರನೆಯ ಸಲ ಅವನು ಕೂಸಿನ ಕಡೆ ಒಮ್ಮೆ ನೋಡಿ ಬರೆದ:

“ಮೂರನೇ ಸಾಲಿನಲ್ಲಿ ತೂಕದ ಜೊತೆ ‘ಕೆಜಿ’ ಎಂದು ಬರೆದಿದ್ದೀರಿ. ಹಾಗಾಗಿ ಅದನ್ನು ಅಕ್ಷರವೆಂದು ತಿಳಿದೆ. ನಲವತ್ತನೇ ಸಾಲಿನಲ್ಲಿ ಅದನ್ನೇ ಅಂಕಿಯೊಡನೆ ಹೋಲಿಸುತ್ತಿದ್ದೀರಿ. ಅಕ್ಷರವನ್ನೂ ಅಂಕಿಯನ್ನೂ ಹೋಲಿಸಲು ನನಗೆ ಬರುವುದಿಲ್ಲ. ತೂಕ ಅಂಕಿಯೇ ಆಗಬೇಕಿದ್ದರೆ ‘ಕೆಜಿ’ ತೆಗೆಯಿರಿ.”

“ಅಯ್ಯ, ಇಷ್ಟಽ? ಇದನ್ನ ಮೊದಲಽ ಹೇಳಾಕ ಏನಾಗಿತ್ತು ಇದಕ್ಕ?”

ಅವರು ‘ಕೆಜಿ’ ಅಳಿಸಿದರು. ನಲವತ್ತನೇ ಸಾಲನ್ನು ಮತ್ತೆ ಬರೆದರು. ಪಟ್ಟಿ ಬಂತು. ಎರಡು ಹೆಸರು. ಒಂದು ತೊಡೆಯ ಮೇಲಿದ್ದ ಕೂಸಿನದು. ಇನ್ನೊಂದನ್ನು ಓದಿದವರೇ ಫಕೀರವ್ವ ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಊರಿಗೆ ಹೊರಟರು.

ಒಂದಕ್ಷರ ಸುಳ್ಳಿದೆಯೇ ಎಂದು ಪ್ರಹ್ಲಾದ ಮತ್ತೆಂದೂ ಕೇಳಲಿಲ್ಲ.

ನೀತಿ: ತಪ್ಪನ್ನು ಹಿಡಿಯುವುದು ಅರ್ಧ ಕೆಲಸ. ತಪ್ಪಿದವರು ತಾವೇ ಕಂಡು ತಿದ್ದಿಕೊಳ್ಳುವಂತೆ ಹೇಳುವುದು ಉಳಿದರ್ಧ. ತಿಳಿಯದ ಮಾತನ್ನು ಎದುರಿಗೆ ಎಸೆದು ‘ನಾನು ಸುಳ್ಳು ಹೇಳಲಿಲ್ಲ’ ಎನ್ನುವವನು ಸತ್ಯವಂತನಲ್ಲ, ಸೋಮಾರಿ.