ತಪ್ಪಿದವರ ತಲೆ

“ಕೇಳ್ರಪ್ಪೋ ಕೇಳಿ! ನಮ್ಮ ಸಿರಿಗೊಂಡೆ ರಾಜ್ಯಕ್ಕೆ ಹೊಸ ಪ್ರಧಾನಿ ಬೇಕಾಗಿದ್ದಾರೆ. ನಾಲ್ಕು ಜನರಿಂದ ಕೆಲಸ ಮಾಡಿಸಿ ಪಳಗಿದವರು ಯಾರೇ ಆಗಲಿ ಬಂದು ಅರಸಿ ಸೋಮಲದೇವಿಯವರ ಮೂರು ಒಗಟು ಬಿಡಿಸಬೇಕು. ಬಿಡಿಸಿದವರಿಗೆ ಮುದ್ರೆಯುಂಗುರ. ತಪ್ಪಿದವರ ತಲೆ ಅರಮನೆಗೆ ಸೇರತಕ್ಕದ್ದು!”

ಹೀಗೆ ಬೀದಿಬೀದಿಯಲ್ಲಿ ಡಂಗುರವಾಯಿತು. ಹಳೆಯ ಪ್ರಧಾನಿ ರಾಜ್ಯದ ವ್ಯವಹಾರವನ್ನೆಲ್ಲ ತನ್ನೊಬ್ಬನ ತಲೆಯಲ್ಲೇ ಇಟ್ಟುಕೊಂಡು, ಯಾರಿಗೂ ಏನೂ ಹೇಳದೆ ಕಣ್ಣು ಮುಚ್ಚಿದ್ದ. ಆ ಗೋಜಲು ಬಿಡಿಸುವಷ್ಟರಲ್ಲಿ ಅರಸಿಗೆ ಸಾಕುಸಾಕಾಗಿತ್ತು. ತಲೆಯ ಮಾತು ಸಿಟ್ಟಿನಲ್ಲಿ ಬಂದದ್ದು. ಆದರೆ ಡಂಗುರ ಹೊಡೆಸಿದ ಮಾತನ್ನು ದೊಡ್ಡವರು ಹಿಂದಕ್ಕೆ ತೆಗೆದುಕೊಳ್ಳುವುದುಂಟೆ?

ಮೊದಲು ಬಂದವನು ಆನೆಲಾಯದ ಅಧಿಕಾರಿ ದೇಕಯ್ಯ. ಅರಸಿ ಅವನನ್ನು ಒಳಚಾವಡಿಗೆ ಒಬ್ಬನನ್ನೇ ಕರೆಸಿ ಕೇಳಿದಳು: “ಒಬ್ಬನೇ ಹೊತ್ತರೆ ಅದು ಬೆಟ್ಟದಷ್ಟು ಭಾರ, ಹಂಚಿಕೊಟ್ಟರೆ ಹಗುರ. ಹಂಚಿದ ಮೇಲೂ ಹಂಚಿದವನ ಹೆಗಲಿನಿಂದ ಇಳಿಯುವುದಿಲ್ಲ. ಏನದು?”

ದೇಕಯ್ಯ ಮೀಸೆ ತಿರುವಿ, ಕೆಲಸ ಎಂದ. ಹಂಚಿಕೊಟ್ಟ ಕೆಲಸ ಹೆಗಲಿನಿಂದ ಇಳಿದುಹೋಗುತ್ತದಲ್ಲ ಎಂದಳು ಅರಸಿ. ಅವನನ್ನು ಸೆರೆಮನೆಗೆ ಕರೆದೊಯ್ದರು.

ಆಮೇಲೆ ಅರಮನೆಯ ತೋಟ ನೋಡಿಕೊಳ್ಳುವ ಮಾರಮಯ್ಯ ಬಂದ. ಮೊದಲನೆಯದನ್ನು ಬಿಡಿಸಿದ. ಎರಡನೆಯದು ಬಂತು: “ಕೆಳಗೆ ಹುಟ್ಟುವಾಗ ಕಹಿ. ಒಂದೊಂದೇ ಮೆಟ್ಟಿಲು ಹತ್ತುತ್ತ ಸಿಹಿಯಾಗುತ್ತದೆ. ಸಿಂಹಾಸನ ಮುಟ್ಟುವಷ್ಟರಲ್ಲಿ ಬರೀ ಪಾಯಸ.” ತೋಟದವನಿಗೆ ಹಣ್ಣು ಬಿಟ್ಟರೆ ಬೇರೇನು ಹೊಳೆದೀತು? ಮಾವು ಎಂದ, ಸೆರೆ ಸೇರಿದ.

ಉಗ್ರಾಣದ ಮುಖ್ಯಸ್ಥ ಸಾಂತಯ್ಯ ಇಬ್ಬರಿಗಿಂತ ಜಾಣ. ಎರಡನ್ನೂ ಬಿಡಿಸಿ ಮೂರನೆಯದಕ್ಕೆ ಎಡವಿದ. ಅಮಾವಾಸ್ಯೆಯ ದಿನ ಮೂವರ ತಲೆ ತೆಗೆಯುವುದೆಂದು ನಿಶ್ಚಯವಾಯಿತು.

ಸಾಂತಯ್ಯನ ಹೆಂಡತಿ ನಾಗಲೆ ತಮ್ಮನ ಬಳಿಗೆ ಓಡಿ ಬಂದಳು. ಈ ತಮ್ಮ ಬೊಮ್ಮಣ್ಣ ಅರಮನೆಯ ಪಂಕ್ತಿಯಲ್ಲಿ ಬಡಿಸುವವರ ಮೇಲ್ವಿಚಾರಕ. ಯಾರ ಎಲೆಗೆ ಏನು ಬೇಕೆಂದು ನೋಡುವುದು, ಇತ್ತ ಅನ್ನ, ಅತ್ತ ಸಾರು ಎಂದು ಕೂಗುವುದು, ಅಷ್ಟೇ ಅವನ ದರ್ಬಾರು.

“ನಿನ್ನ ಭಾವನನ್ನು ಉಳಿಸಿಕೊಡು ತಮ್ಮಾ,” ಎಂದಳು ಅಕ್ಕ. ಬೊಮ್ಮಣ್ಣನಿಗೇ ಭಯ, ಅಕ್ಕನಿಗೆ ಏನೆಂದು ಧೈರ್ಯ ಹೇಳುವುದು? ಆಗಲಿ ಅಂದ.

ಸೆರೆಮನೆಗೆ ಊಟ ಕಳಿಸುವುದೂ ಅವನ ಪಾಲಿನ ಕೆಲಸವೇ. ಆ ದಿನ ತಾನೇ ಹೋದ. ಅಲ್ಲಿ ನೋಡಿದರೆ ಮೂವರೂ ಒಂದೊಂದು ಗೋಡೆಗೆ ಮುಖ ಮಾಡಿ ಕುಳಿತಿದ್ದಾರೆ. ಒಬ್ಬರೊಡನೊಬ್ಬರು ಮಾತಿಲ್ಲ. ಜೀವನವಿಡೀ ಅಪ್ಪಣೆ ಕೊಟ್ಟವರು ತಾವು ಎಲ್ಲಿ ಜಾರಿದೆವೆಂದು ಹೇಗೆ ಹೇಳಿಕೊಂಡಾರು? ತಲೆ ಹೋದರೂ ಮರ್ಯಾದೆ ಹೋಗಬಾರದು!

ಬೊಮ್ಮಣ್ಣ ಪ್ರತಿಯೊಬ್ಬರ ಪಕ್ಕದಲ್ಲಿ ಕುಳಿತು ಬಡಿಸಿದ. ನಿಮಗೆ ಏನು ಕೇಳಿದರು, ನೀವು ಏನು ಹೇಳಿದಿರಿ ಎಂದು ವಿಚಾರಿಸಿದ. ಮೊದಲು ಗದರಿಸಿದರು. ಮೊಸರನ್ನದ ಹೊತ್ತಿಗೆ ಒಬ್ಬೊಬ್ಬರೇ ಬಾಯಿ ಬಿಟ್ಟರು. ಭಾವ ಮಾತ್ರ ಎಲೆ ಮಡಿಸುವವರೆಗೂ ತಲೆ ಎತ್ತಲಿಲ್ಲ. ಕೊನೆಗೆ, ಮೂರನೆಯದಕ್ಕೆ ತಾನು ‘ವಿದ್ಯೆ’ ಎಂದೆ ಎಂದು ಪಿಸುಗುಟ್ಟಿದ. ಈ ನಾಚಿಕೆ ನೋಡುತ್ತಿದ್ದ ಬೊಮ್ಮಣ್ಣನಿಗೆ ಏನೋ ಹೊಳೆಯಿತು.

ಮರುದಿನ ಅವನು ಅರಸಿಯ ಮುಂದೆ ನಿಂತ. ಮೊದಲನೆಯದನ್ನು ಕೇಳಿದಾಗ, ಅದು ಹೊಣೆ ಎಂದ. ಬಡಿಸುವ ಕೆಲಸವನ್ನು ಹತ್ತಾರು ಕೈಗೆ ಹಂಚುತ್ತೇನೆ, ಅತಿಥಿಯ ಮೈಮೇಲೆ ಸಾರು ಚೆಲ್ಲಿದರೆ ಬೈಸಿಕೊಳ್ಳುವವನು ನಾನೇ ಎಂದು ವಿವರಿಸಿದ. ಎರಡನೆಯದಕ್ಕೆ ಸುದ್ದಿ ಎಂದ.

“ಅನ್ನ ಸೀದಿದೆ ಅಂತ ಒಲೆ ಮುಂದಿನವನು ಹೇಳ್ತಾನೆ ತಾಯಿ. ಸ್ವಲ್ಪ ಹೊಗೆ ವಾಸನೆ ಅಂತ ಅಡುಗೆಯವರು ನನಗೆ ಹೇಳ್ತಾರೆ. ನಾನು ನಿಮ್ಮ ಹತ್ತಿರ ಬಂದು, ಇವತ್ತಿನ ಅನ್ನ ಘಮಘಮ ಅಂತೀನಿ.”

ಅರಸಿ ನಗು ತಡೆದುಕೊಂಡು ಮೂರನೆಯದನ್ನು ಕೇಳಿದಳು: “ಗಳಿಸಿದವನಿಗೆ ಬಲು ದುಬಾರಿ, ಕೇಳಿಸಿಕೊಂಡವನಿಗೆ ಪುಕ್ಕಟೆ. ಎಲ್ಲರ ಹತ್ತಿರವೂ ಉಂಟು, ಎಲ್ಲರೂ ಬಚ್ಚಿಡುತ್ತಾರೆ. ಏನದು?”

“ತಪ್ಪು, ತಾಯಿ. ವಿದ್ಯೆಯನ್ನು ಯಾರೂ ಬಚ್ಚಿಡೋದಿಲ್ಲ, ಮೆರೆಸ್ತಾರೆ. ಅನುಭವಸ್ಥರು ಬಚ್ಚಿಡೋದು ತಾವು ಮಾಡಿದ ತಪ್ಪನ್ನ.”

ಉತ್ತರ ಸರಿ ಎಂದಳು ಅರಸಿ. ಆದರೆ ಇಷ್ಟೆಲ್ಲ ಎಲ್ಲಿ ಕಲಿತೆ ಎಂದು ಹುಬ್ಬು ಗಂಟಿಕ್ಕಿದಳು. ಬೊಮ್ಮಣ್ಣ ಮುಚ್ಚಿಡಲಿಲ್ಲ. ಎಲ್ಲವೂ ಸೆರೆಮನೆಯಲ್ಲಿ ಕೇಳಿ ತಿಳಿದದ್ದು ಎಂದ. ಎರವಲು ಉತ್ತರಕ್ಕೆ ಉಂಗುರ ಕೊಡಬೇಕೋ ಎಂದು ಅರಸಿಯ ದನಿ ಏರಿತು.

ಬೊಮ್ಮಣ್ಣ ಕೈಮುಗಿದ. ಹಿಂಜರಿಯದೆ ಹೇಳಿದ: “ಎಲ್ಲವನ್ನೂ ತಾನೊಬ್ಬನೇ ತಿಳಿದಿದ್ದ ಪ್ರಧಾನಿಯನ್ನ ನೋಡಿದ್ದೀರಿ. ನನಗೆ ಕೇಳಿ ತಿಳಿಯೋದು ಮಾತ್ರ ಗೊತ್ತು. ತಪ್ಪಿದವರ ತಲೆ ಅರಮನೆಗೆ ಸೇರಬೇಕು ಅಂತ ಸಾರಿಸಿದ್ದೀರಿ. ಸೇರಲಿ ತಾಯಿ, ದುಬಾರಿ ತಲೆಗಳು ಅವು. ಕತ್ತಿನ ಮೇಲಿದ್ದರೆ ಅಲ್ಲವೇ ಉಪಯೋಗ?”

ತನ್ನ ಮಾತೂ ಉಳಿಯುತ್ತದೆ, ತಲೆಗಳೂ ಉಳಿಯುತ್ತವೆ ಎಂದು ಅರಸಿ ಕಂಡುಕೊಂಡಳು. ಆಮೇಲೆ ಸೆರೆಮನೆಯ ಬೀಗ ತೆಗೆಸಿದಳು. ಉಂಗುರ ಬೊಮ್ಮಣ್ಣನ ಬೆರಳಿಗೆ ಸ್ವಲ್ಪ ಸಡಿಲವಾಯಿತು, ಇರಲಿ. ಸಾಂತಯ್ಯ ಮನೆ ಸೇರಿದ. ನಾಗಲೆ ಅತ್ತು, ನಕ್ಕು, ಗಂಡನನ್ನು ಚೆನ್ನಾಗಿ ಬೈದಳು.

ಹೊಸ ಪ್ರಧಾನಿ ಮೊದಲು ಮಾಡಿದ ಕೆಲಸ ಒಂದು ಪಾಠಶಾಲೆ ತೆರೆದದ್ದು. ಸೆರೆಯಿಂದ ಬಿಟ್ಟ ಮೂವರೂ ಸೇರಿದಂತೆ ಓದಲು ಬರುವವರೆಲ್ಲ ತಲೆ ನರೆತ ಅಧಿಕಾರಿಗಳು, ಗುರು ಯಾರೂ ಇಲ್ಲ. ದುಂಡಗೆ ಚಾಪೆಯ ಮೇಲೆ ಕುಳಿತು ಒಬ್ಬ ತಾನು ಕೆಡಿಸಿದ ಕೆಲಸವನ್ನು ಹೇಳಬೇಕು, ಉಳಿದವರು ತಾವಾಗಿದ್ದರೆ ಏನು ಮಾಡುತ್ತಿದ್ದೆವೆಂದು ವಾದಿಸಬೇಕು. ಮೊದಮೊದಲು ಕೆಮ್ಮೇ ಜಾಸ್ತಿ, ಮಾತು ಕಡಿಮೆ. ಆಮೇಲೆ ಊಟಕ್ಕೆ ಎಬ್ಬಿಸುವುದೇ ಕಷ್ಟವಾಯಿತು.

ಒಂದು ಬೆಳಿಗ್ಗೆ ಅರಸಿ ತಾನೇ ಬಂದಳು. ಎಲ್ಲರೂ ಗಡಬಡಿಸಿ ಎದ್ದರು. ಆಕೆ ಕೈಸನ್ನೆಯಿಂದ ಕೂರಿಸಿ, ಚಾಪೆಯ ಅಂಚಿನಲ್ಲಿ ಕುಳಿತಳು.

“ಇವತ್ತು ನನ್ನ ಸರದಿ,” ಎಂದಳು. “ಸಿಟ್ಟಿನಲ್ಲಿ ಒಂದು ಮಾತು ಸಾರಿಸಿದೆ. ತಪ್ಪೆಂದು ಅದೇ ದಿನ ಗೊತ್ತಾಯಿತು. ಹಿಂದಕ್ಕೆ ತೆಗೆದುಕೊಳ್ಳಲು ನಾಚಿಕೆಯಾಗಿ, ನಿಮ್ಮಲ್ಲಿ ಮೂವರನ್ನು ಸಾಯಲು ಬಿಟ್ಟಿದ್ದೆ.”

ದೇಕಯ್ಯ ಸ್ವಲ್ಪ ಸರಿದು ತನ್ನ ಪಕ್ಕದಲ್ಲಿ ಜಾಗ ಮಾಡಿದ.

“ಇತ್ತ ಬನ್ನಿ ತಾಯಿ,” ಎಂದ. “ಅಂಚಿನಲ್ಲಿ ಕೂತರೆ ಕೇಳಿಸೋದಿಲ್ಲ. ಮೊದಲಿಂದ ಹೇಳಿ.”