ಹಲ್ಲುಮೊರಡಿಗೆ ಯಾವ ಫೋರ್ಕು

ಹೊಳೆದಂಡೆಯ ಮಠದ ಅಂಗಳದಲ್ಲಿ ಎರಡು ಹೊಸ ಬೈಕುಗಳು ನಿಂತಿದ್ದವು. ಎರಡೂ ಕಲ್ಲುದಾರಿಗೆಂದೇ ಮಾಡಿದವು.

ಕಂಪನಿ ಒಂದೇ, ಎಂಜಿನ್ ಒಂದೇ, ಬಣ್ಣವೂ ಒಂದೇ. ಮುಂದಿನ ಚಕ್ರವನ್ನು ಹಿಡಿದು ನಿಲ್ಲಿಸುವ ಫೋರ್ಕು ಮಾತ್ರ ಬೇರೆ.

ಒಂದರದು ಸಾದಾ ಫೋರ್ಕು. ಕೆಳಗೆ ದಪ್ಪ ಕಾಲು, ಮೇಲೆ ತೆಳು ಕೊಳವೆ. ಇನ್ನೊಂದರದು ತಲೆಕೆಳಗು. ದಪ್ಪಗಿನದು ಮೇಲೆ, ತೆಳುವಾದದ್ದು ಕೆಳಗೆ. ಮೈಯೆಲ್ಲ ಹೊನ್ನಿನ ಬಣ್ಣ, ತುದಿಯಲ್ಲಿ ಬಿಗಿ ಮಾಡಲು, ಸಡಿಲಿಸಲು ತಿರುಪು.

ಷೋರೂಮಿನವರು ಎರಡನ್ನೂ ಹದಿನೈದು ದಿನಕ್ಕೆ ಬಿಟ್ಟುಹೋಗಿದ್ದರು. ಓಡಿಸಿ ನೋಡಿ ಒಂದನ್ನು ಇಟ್ಟುಕೊಳ್ಳಬೇಕು, ಒಂದನ್ನು ವಾಪಸು ಕೊಡಬೇಕು.

ಗಾಡಿ ಬೇಕಾಗಿದ್ದದ್ದು ಚಿಕ್ಕತಾಯಿ ಎಂಬಾಕೆಗೆ. ಆಕೆ ಮಠದ ಆಸ್ಪತ್ರೆಯ ನರ್ಸು. ವಾರಕ್ಕೆ ಮೂರು ಸಲ ಔಷಧಿ ಪೆಟ್ಟಿಗೆ ಕಟ್ಟಿಕೊಂಡು ಬೆಟ್ಟದ ಮೇಲಿನ ಕುರಿಗಾಹಿಗಳ ದೊಡ್ಡಿಗಳಿಗೆ ಹೋಗುತ್ತಿದ್ದಳು. ದಾರಿಯಲ್ಲಿ ಹಲ್ಲುಮೊರಡಿ ಎಂಬ ಕಲ್ಲಿನ ಏರು.

ಹಿಂದಿನ ವರ್ಷ ಆ ಏರಿನಲ್ಲಿ ಹಳೆಯ ಗಾಡಿ ಅವಳನ್ನು ಎತ್ತಿ ಹಾಕಿತ್ತು. ಹೆಗಲ ಮೂಳೆ ಮುರಿಯಿತು. ಹಾವಿನ ವಿಷಕ್ಕೆ ಕೊಡುವ ಔಷಧಿಯ ಸೀಸೆಗಳು ಒಡೆದವು. ದೊಡ್ಡಿಯಲ್ಲಿ ಅದಕ್ಕಾಗಿ ಕಾದಿದ್ದ ಕುರಿಗಾಹಿ ಸಂಜೆಯವರೆಗೆ ಉಳಿಯಲಿಲ್ಲ.

ಆದ್ದರಿಂದ ಈ ಸಲ ಆಯ್ಕೆ ತಪ್ಪುವಂತಿರಲಿಲ್ಲ.

ಆರಿಸುವ ಕೆಲಸವನ್ನು ಗುರುಗಳು ತಮ್ಮ ಶಿಷ್ಯ ನಾಗಮಲ್ಲನಿಗೆ ಒಪ್ಪಿಸಿದರು. ಅವನು ಮಠಕ್ಕೆ ಬರುವ ಮೊದಲು ಎರಡು ವರ್ಷ ಗ್ಯಾರೇಜಿನಲ್ಲಿದ್ದವನು. ಹೊಸ ಡಬ್ಬಿಯೊಳಗೆ ಹಳೆಯ ಸಾಮಾನು ಹಾಕಿ ಮಾರುವುದನ್ನು ಕಣ್ಣಾರೆ ಕಂಡವನು. ಅಂದಿನಿಂದ ಯಾರನ್ನೂ ನಂಬುತ್ತಿರಲಿಲ್ಲ.

ಮೂರನೆಯ ದಿನ ನಾಗಮಲ್ಲ ಗುರುಗಳ ಮುಂದೆ ಕೂತ.

"ಬುದ್ಧಿ, ಹೊನ್ನಿನ ಫೋರ್ಕಿನ ಮೇಲೆ ನನಗೆ ಅನುಮಾನ."

"ಯಾಕೆ ಮರಿ?"

"ಕೆಸರಿಗೆ ಹೋಗೋ ಸಾಮಾನು ಅಷ್ಟೊಂದು ಯಾಕೆ ಹೊಳೀಬೇಕು?"

"ಓಡಿಸಿದೆಯಾ?"

"ಇನ್ನೂ ಇಲ್ಲ."

"ಓಡಿಸು."

ಓಡಿಸಿದ. ಹೊನ್ನಿನ ಫೋರ್ಕು ಹಲ್ಲುಮೊರಡಿಯನ್ನು ಬೆಣ್ಣೆಯಂತೆ ದಾಟಿತು. ಸಾದಾ ಫೋರ್ಕು ಏರಿನ ನಡುವೆ ಪೂರ್ತಿ ಕುಸಿದು, ಠಣ್ ಎಂದು ತಳಕ್ಕೆ ಬಡಿಯಿತು. ಅವನ ಹಲ್ಲು ಒಂದಕ್ಕೊಂದು ತಾಗಿದವು.

ಆರನೆಯ ದಿನ ಮತ್ತೆ ಬಂದ.

"ಬುದ್ಧಿ, ಈಗ ಸಾದಾ ಫೋರ್ಕಿನ ಮೇಲೆ ಅನುಮಾನ. ಅದು ಗೋಡೌನಿನಲ್ಲಿ ಉಳಿದ ಮಾಲು ಅಂತ ಕೇಳಿದೆ. ನಮ್ಮ ತಲೆಗೆ ಕಟ್ಟೋಕೆ ನೋಡ್ತಿದ್ದಾರೆ."

"ಯಾರು ಹೇಳಿದರು?"

"ಷೋರೂಮಿನಲ್ಲಿ ಕೆಲಸ ಬಿಟ್ಟವನೊಬ್ಬ."

"ಅವನನ್ನು ನಂಬಿದೆಯಾ?"

"ಇಲ್ಲ ಬುದ್ಧಿ. ಅವನ ಮೇಲೂ ಅನುಮಾನ ಇದೆ."

ಷೋರೂಮಿನ ಮಾಲೀಕ ಗುರುಗಳಿಗೆ ಹಣ್ಣಿನ ಬುಟ್ಟಿ ತಂದಿಟ್ಟು ಹೋಗಿದ್ದ. ಅಂದು ಸಂಜೆ ನಾಗಮಲ್ಲ ಹಣ್ಣು ಹಂಚುವ ನೆಪದಲ್ಲಿ ಬುಟ್ಟಿಯ ತಳವನ್ನೂ ತಡವಿ ನೋಡಿದ. ತಳದಲ್ಲಿ ಸೇಬು ಸುತ್ತಿದ ಕಾಗದ ಮಾತ್ರ ಇತ್ತು.

ಒಂಬತ್ತನೆಯ ದಿನ ಅವನು ಅವಸರದಲ್ಲಿ ಬಂದ.

"ಬುದ್ಧಿ, ಚಿಕ್ಕತಾಯಮ್ಮ ಮೊದಲ ದಿನದಿಂದ ಸಾದಾ ಫೋರ್ಕೇ ಇರಲಿ ಅಂತಿದ್ದಾರೆ."

"ಹೂಂ."

"ನಾನು ಓಡಿಸಿದಾಗ ಅದು ತಳಕ್ಕೆ ಬಡೀತು. ಅವರಿಗೆ ಮಾತ್ರ ಹೇಗೆ ಚೆನ್ನಾಗಿರುತ್ತೆ?"

"ನೀನೇ ಹೇಳು."

"ಷೋರೂಮಿನವರು ಅವರಿಗೆ ಮಳೆ ಜಾಕೆಟ್ ಕೊಟ್ಟಿದ್ದಾರೆ."

ಗುರುಗಳು ತಲೆಯೆತ್ತಿದರು.

"ಯಾವ ಬಣ್ಣದ್ದು?" ಎಂದರು.

"ನೀಲಿ, ಬುದ್ಧಿ."

ಗುರುಗಳು ಕಣ್ಣು ಮುಚ್ಚಿಕೊಂಡರು.

ಅದರಲ್ಲಿ ದೊಡ್ಡ ಅರ್ಥ ಇದೆಯೆಂದು ನಾಗಮಲ್ಲ ಇಡೀ ದಿನ ನೀಲಿಯ ಬಗ್ಗೆ ಯೋಚಿಸಿದ. ಏನೂ ಹೊಳೆಯಲಿಲ್ಲ.

ಮರುದಿನ ಆಸ್ಪತ್ರೆಯ ಬಾಗಿಲಲ್ಲಿ ಚಿಕ್ಕತಾಯಿಯನ್ನು ನಿಲ್ಲಿಸಿದ.

"ಆ ಜಾಕೆಟ್ ಎಲ್ಲಿಂದ ಬಂತು?"

"ಷೋರೂಮಿನವರು ಕೊಟ್ಟರು, ಮರಿದೇವರೇ."

"ತಗೊಂಡ್ರಾ?"

"ತಗೊಂಡೆ. ಚೆನ್ನಾಗಿದೆ. ಆರು ವರ್ಷದಿಂದ ಗೊಬ್ಬರದ ಚೀಲ ಹೊದ್ದುಕೊಂಡು ಬೆಟ್ಟ ಹತ್ತಿದ್ದೀನಿ. ಮಠದಿಂದ ಯಾರಾದ್ರೂ ಕೇಳಿದ್ರಾ?"

"ಅದಕ್ಕೇ ಸಾದಾ ಫೋರ್ಕು ಬೇಕು ಅಂತೀರಾ?"

ಅವಳು ಕೈಯಲ್ಲಿದ್ದ ಪೆಟ್ಟಿಗೆ ಕೆಳಗಿಟ್ಟಳು.

"ಹೊನ್ನಿನದು ನನ್ನನ್ನ ಕಲ್ಲಿಂದ ಕಲ್ಲಿಗೆ ಎಸೆಯುತ್ತೆ. ತಿರುಪು ಪೂರ್ತಿ ಸಡಿಲ ಮಾಡಿದ್ರೂ ಬಗ್ಗಲ್ಲ. ಅಂಗೈ ನೋಡಿ."

ಅಂಗೈ ಕೆಂಪಾಗಿತ್ತು. ನಾಗಮಲ್ಲ ನೋಡಿದ. ಬೇಕೆಂದೇ ಉಜ್ಜಿಕೊಂಡಿರಬಹುದು ಎಂದುಕೊಂಡ.

"ಬಿದ್ದರೆ ನಾನು ತಾನೇ ಬೀಳೋದು? ಒಂದು ಜಾಕೆಟ್ಟಿಗೆ ನನ್ನ ಮೂಳೆ ನಾನೇ ಮಾರ್ಕೊತೀನಾ?" ಎಂದಳು ಚಿಕ್ಕತಾಯಿ. "ನನ್ನ ಮೇಲೆ ನಂಬಿಕೆ ಇಲ್ಲ ಅಂದ್ರೆ ಹೇಳಿಬಿಡಿ. ಗಾಡಿ ನಿಮಗೇ ಇರಲಿ, ಬೆಟ್ಟಕ್ಕೆ ಬೇರೆಯವರನ್ನ ನೋಡಿಕೊಳ್ಳಿ."

ಬೇರೆಯವರು ಇರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ನಾಗಮಲ್ಲ ನಡೆದದ್ದನ್ನು ಗುರುಗಳಿಗೆ ಹೇಳಿದ.

ಗುರುಗಳು ಹೂ ಕಟ್ಟುವ ಕಟ್ಟೆಗೆ ಹೋಗಿ ಗೇಣುದ್ದದ ದಾರ ತಂದರು. ಸಾದಾ ಫೋರ್ಕಿನ ತೆಳು ಕೊಳವೆಗೆ, ದಪ್ಪ ಕಾಲಿನ ಬಾಯಿಗೆ ತಾಗುವಂತೆ, ಬಿಗಿಯಾಗಿ ಸುತ್ತಿ ಕಟ್ಟಿದರು.

"ಫೋರ್ಕು ಕುಗ್ಗಿದಷ್ಟೂ ಈ ದಾರ ಮೇಲಕ್ಕೆ ಹೋಗುತ್ತೆ. ಫೋರ್ಕು ಮತ್ತೆ ಎದ್ದರೂ ದಾರ ಅಲ್ಲೇ ಉಳಿಯುತ್ತೆ. ಎಷ್ಟು ಕುಸಿಯಿತು ಅಂತ ಇದು ಹೇಳುತ್ತೆ" ಎಂದರು. "ಇದಕ್ಕೆ ಯಾರೂ ಜಾಕೆಟ್ ಕೊಟ್ಟಿಲ್ಲ."

ನಾಗಮಲ್ಲ ಹಲ್ಲುಮೊರಡಿಗೆ ಹೋಗಿ ಬಂದ. ದಾರ ಕೊಳವೆಯ ತುದಿ ಮುಟ್ಟಿತ್ತು. ಫೋರ್ಕು ಪೂರ್ತಿ ಕುಸಿದಿತ್ತು.

"ನೋಡಿದ್ರಾ ಬುದ್ಧಿ?"

ಗುರುಗಳು ದಾರವನ್ನು ಕೆಳಗಿಳಿಸಿ, ಗಂಟನ್ನು ಉಗುರಿನಿಂದ ಎಳೆದು ನೋಡಿದರು. ಚಿಕ್ಕತಾಯಿಯನ್ನು ಕರೆಸಿದರು.

ಅವಳು ಔಷಧಿ ಪೆಟ್ಟಿಗೆ ಕಟ್ಟಿಕೊಂಡು ಹೋದಳು. ಬಂದಳು. ಗುರುಗಳೇ ಬಗ್ಗಿ ನೋಡಿದರು.

ದಾರ ತುದಿಗಿಂತ ಎರಡು ಬೆರಳು ಕೆಳಗೇ ನಿಂತಿತ್ತು.

ಹೊನ್ನಿನ ಫೋರ್ಕಿಗೂ ದಾರ ಕಟ್ಟಿದರು. ಅದರಲ್ಲಿ ನಾಗಮಲ್ಲನ ದಾರ ತುದಿಗೆ ಎರಡು ಬೆರಳು ಇರುವಾಗ ನಿಂತಿತು. ಚಿಕ್ಕತಾಯಿಯ ದಾರ ಅರ್ಧ ದಾರಿಯನ್ನೂ ದಾಟಿರಲಿಲ್ಲ.

"ಒಂದೇ ಫೋರ್ಕು, ಒಂದೇ ಕಲ್ಲು. ಲೆಕ್ಕ ಬೇರೆ ಬೇರೆ ಹೇಗೆ ಬರುತ್ತೆ?" ಎಂದ ನಾಗಮಲ್ಲ. "ಇವರು ನಿಧಾನವಾಗಿ ಓಡಿಸಿರಬೇಕು. ಇಲ್ಲ, ಕಲ್ಲು ತಪ್ಪಿಸಿ ಪಕ್ಕದ ಮಣ್ಣಿನಲ್ಲಿ ಹೋಗಿರಬೇಕು."

ಚಿಕ್ಕತಾಯಿ ನಕ್ಕಳು. ಅದು ಖುಷಿಯ ನಗುವಾಗಿರಲಿಲ್ಲ.

"ನಾಳೆ ಹಿಂದೆ ಬನ್ನಿ, ಮರಿದೇವರೇ. ಬರೋಕಾದ್ರೆ."

ಗುರುಗಳು ಹೋಗು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

ಹದಿನಾಲ್ಕನೆಯ ದಿನ ಬೆಳಿಗ್ಗೆ ಇಬ್ಬರೂ ಹೊರಟರು. ಅವಳಿಗೆ ಸಾದಾ ಫೋರ್ಕಿನ ಗಾಡಿ, ಅವನಿಗೆ ಹೊನ್ನಿನದು. ಗುರುಗಳು ಅವಳ ಗಾಡಿಯ ದಾರವನ್ನು ಮತ್ತೆ ಕೆಳಗಿಳಿಸಿ, ಅಂಗಳದ ತುದಿಯವರೆಗೂ ಬಂದು ನಿಂತರು.

ನಾಗಮಲ್ಲ ಹತ್ತಿ ಕೂತ. ಗಾಡಿಯ ಮೂತಿ ಉಸ್ಸೆಂದು ಬಗ್ಗಿತು.

ಚಿಕ್ಕತಾಯಿ ಹತ್ತಿ ಕೂತಳು. ಗಾಡಿಗೆ ಗೊತ್ತೇ ಆಗಲಿಲ್ಲ.

ಗುರುಗಳು ಅವನನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ಬಾಯಿ ತೆರೆದರು. ಅಷ್ಟರಲ್ಲಿ ಗಾಡಿಗಳು ಹೊರಟುಹೋಗಿದ್ದವು.

ಹಲ್ಲುಮೊರಡಿಯಲ್ಲಿ ಅವಳು ಒಂದು ಕಲ್ಲನ್ನೂ ಬಿಡಲಿಲ್ಲ. ಬೇಕೆಂದೇ ದೊಡ್ಡ ಕಲ್ಲುಗಳ ಮೇಲೆ ಹತ್ತಿಸಿದಳು. ನಾಗಮಲ್ಲ ಅರ್ಧ ಏರಿನಲ್ಲಿ ಹಿಂದುಳಿದ. ಅವನು ಮೇಲೆ ತಲುಪುವ ಹೊತ್ತಿಗೆ ಅವಳು ದೊಡ್ಡಿಯ ಮುದುಕಿಯೊಬ್ಬಳಿಗೆ ಸೂಜಿ ಚುಚ್ಚಿ, ಹತ್ತಿ ಒತ್ತಿ ಹಿಡಿದಿದ್ದಳು.

"ಬಂದ್ರಾ?" ಎಂದಳು. "ದಾರ ನೀವೇ ನೋಡಿ. ನಾನು ಮುಟ್ಟಿಲ್ಲ."

ಎರಡು ಬೆರಳು. ಮೊದಲ ಸಲದಷ್ಟೇ.

ವಾಪಸು ಬರುವಾಗ ನಾಗಮಲ್ಲ ದಾರಿಯುದ್ದಕ್ಕೂ ಯೋಚಿಸಿದ. ಮಠದ ಬಾಗಿಲು ಮುಟ್ಟುವ ಹೊತ್ತಿಗೆ ಉತ್ತರ ಸಿಕ್ಕಿತ್ತು.

"ಬುದ್ಧಿ, ಗೊತ್ತಾಯ್ತು. ಷೋರೂಮಿನವರು ನಮ್ಮ ಕಣ್ಣು ತಪ್ಪಿಸಿ ಬಂದು ಫೋರ್ಕಿನ ಎಣ್ಣೆ ಬದಲಾಯಿಸಿದ್ದಾರೆ. ನಾನು ಓಡಿಸುವಾಗ ತೆಳು ಎಣ್ಣೆ, ಅವರು ಓಡಿಸುವಾಗ ಗಟ್ಟಿ ಎಣ್ಣೆ."

"ಬಾ" ಎಂದರು ಗುರುಗಳು. "ನೀನೂ ಬಾರವ್ವ. ಪೆಟ್ಟಿಗೆ ಕೆಳಗಿಡಬೇಡ, ತಗೊಂಡು ಬಾ."

ಗದ್ದುಗೆಯ ಮುಂದಿನ ಮಂಟಪದಲ್ಲಿ ತುಲಾಭಾರದ ದೊಡ್ಡ ತಕ್ಕಡಿ ತೂಗುತ್ತಿತ್ತು. ಹರಕೆ ಹೊತ್ತವರು ಒಂದು ತಟ್ಟೆಯಲ್ಲಿ ಕೂತು, ತಮ್ಮ ತೂಕದಷ್ಟು ಬೆಲ್ಲವನ್ನೋ ಕಾಯನ್ನೋ ಇನ್ನೊಂದು ತಟ್ಟೆಯಲ್ಲಿ ಒಪ್ಪಿಸುವ ತಕ್ಕಡಿ ಅದು.

"ಕೂತುಕೋ" ಎಂದರು ನಾಗಮಲ್ಲನಿಗೆ.

ಅವನು ಕೂತ. ತಟ್ಟೆ ನೆಲ ಕಚ್ಚಿತು.

"ನೀನು ಆ ಕಡೆ ಕೂತುಕೋ ತಾಯಿ."

ಚಿಕ್ಕತಾಯಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ನಾಗಮಲ್ಲನ ತಟ್ಟೆ ಅಲುಗಲಿಲ್ಲ. ಅವಳದು ಗಾಳಿಯಲ್ಲೇ ಉಳಿಯಿತು.

ಪೂಜೆಗೆ ಬಂದಿದ್ದವರು ಸುತ್ತ ಸೇರಿದರು. ಇಬ್ಬರನ್ನು ಎದುರುಬದುರು ಕೂರಿಸಿದ ತುಲಾಭಾರವನ್ನು ಯಾರೂ ನೋಡಿರಲಿಲ್ಲ.

"ಏನು ಹರಕೆ ಬುದ್ಧಿ?" ಎಂದನೊಬ್ಬ.

"ಅನುಮಾನದ ಹರಕೆ" ಎಂದರು ಗುರುಗಳು.

ಅವರು ಮೂಲೆಯ ರಾಶಿಯಿಂದ ಸುಲಿದ ತೆಂಗಿನಕಾಯಿಗಳನ್ನು ಒಂದೊಂದಾಗಿ ತಂದು ಚಿಕ್ಕತಾಯಿಯ ತಟ್ಟೆಯಲ್ಲಿಡತೊಡಗಿದರು. ಹತ್ತು. ಇಪ್ಪತ್ತು. ಸಹಾಯಕ್ಕೆ ಬಂದವರನ್ನು ಕೈಸನ್ನೆಯಲ್ಲೇ ತಡೆದರು. ಮೂವತ್ತು. ಅವರಿಗೆ ಏದುಸಿರು ಬಂತು.

"ಮರಿದೇವರೇ" ಎಂದಳು ಚಿಕ್ಕತಾಯಿ ಮೇಲಿನಿಂದ, "ಮಠದ ಪ್ರಸಾದ ಮೈಗೆ ಚೆನ್ನಾಗೇ ಹತ್ತಿದೆ."

ಜನ ನಕ್ಕರು. ನಾಗಮಲ್ಲ ನಗಲಿಲ್ಲ. ಅವನು ಎದುರಿನ ತಟ್ಟೆಯಲ್ಲಿ ಬೆಳೆಯುತ್ತಿದ್ದ ಕಾಯಿಗಳ ರಾಶಿಯನ್ನೇ ನೋಡುತ್ತಿದ್ದ.

ಐವತ್ತಮೂರನೆಯ ಕಾಯಿಗೆ ಅವನ ತಟ್ಟೆ ನೆಲ ಬಿಟ್ಟಿತು. ಎರಡೂ ತಟ್ಟೆಗಳು ಒಂದೇ ಮಟ್ಟಕ್ಕೆ ಬಂದು ನಿಂತವು.

"ಈ ಐವತ್ತಮೂರು ಕಾಯಿ ಇಷ್ಟು ದಿನ ಎಲ್ಲಿದ್ದವು, ಮರಿ?"

ನಾಗಮಲ್ಲ ತನ್ನ ಹೊಟ್ಟೆ ನೋಡಿಕೊಂಡ.

"ಗಾಡಿಯ ಮೇಲೆ, ಬುದ್ಧಿ. ನನ್ನ ಜೊತೆ."

"ಕಂಪನಿಯವರನ್ನು ಅನುಮಾನಿಸಿದೆ. ಮಾಲೀಕನನ್ನು, ಇವಳನ್ನು, ಎಣ್ಣೆಯನ್ನು. ನನ್ನ ಬುಟ್ಟಿಯನ್ನೂ ತಡವಿದೆ. ಸೀಟಿನ ಮೇಲೆ ಕೂತವನ ಹತ್ತಿರ ಆ ಅನುಮಾನ ಯಾಕೆ ಹೋಗಲಿಲ್ಲ?"

ಬುಟ್ಟಿಯ ವಿಷಯ ಗುರುಗಳಿಗೆ ಗೊತ್ತಿತ್ತೆಂದು ತಿಳಿದು ನಾಗಮಲ್ಲನ ಕಿವಿ ಬಿಸಿಯಾಯಿತು.

ಎದುರು ಕೂತವಳಿಗೆ ಅವನು ಕೈ ಮುಗಿದ.

"ತಪ್ಪಾಯ್ತು ಅವ್ವ. ಜಾಕೆಟ್ ಮಾತು ಆಡಬಾರದಿತ್ತು."

"ಅದು ಆಮೇಲೆ" ಎಂದಳು ಚಿಕ್ಕತಾಯಿ, ಸರಪಳಿ ಹಿಡಿದುಕೊಂಡು. "ಮೊದಲು ನಿಧಾನಕ್ಕೆ ಇಳೀರಿ. ನೀವು ತಟ್ಟನೆ ಎದ್ದರೆ ನಾನು ದಬ್ಬನೆ ಬೀಳ್ತೀನಿ."

ಅವನು ನಿಧಾನಕ್ಕೆ ಇಳಿದ.

ಮರುದಿನ ಷೋರೂಮಿನವರು ಬಂದು ಹೊನ್ನಿನ ಫೋರ್ಕಿನ ಗಾಡಿಯನ್ನು ತೆಗೆದುಕೊಂಡು ಹೋದರು. ಸಾದಾ ಫೋರ್ಕಿನ ಗಾಡಿ ಉಳಿಯಿತು. ನಾಗಮಲ್ಲ ತಾನೇ ಅದಕ್ಕೆ ಪೆಟ್ಟಿಗೆಯ ಪಟ್ಟಿ ಬಿಗಿದುಕೊಟ್ಟ.

ಚಿಕ್ಕತಾಯಿ ಪಟ್ಟಿಯನ್ನು ಎಳೆದು ನೋಡಿ, "ಗಟ್ಟಿಯಾಗಿದೆ" ಎಂದಳು. ಗಾಡಿ ಹತ್ತಿ, "ನಿನ್ನೆ ತಪ್ಪಾಯ್ತು ಅಂದ್ರಲ್ಲ, ಅದು ಅಲ್ಲಿಗೆ ಮುಗೀತು" ಎಂದು ಹೊರಟಳು.

ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ನಾಗಮಲ್ಲ ಹೋಗಿ ಒಂದು ಮೆಟ್ಟಿಲು ಕೆಳಗೆ ಕೂತ. ಗಾಡಿಯ ಸದ್ದು ಬೆಟ್ಟದ ಕಡೆ ಸಣ್ಣದಾಗುತ್ತಿತ್ತು.

"ಬುದ್ಧಿ, ಒಂದು ಅನುಮಾನ ಉಳಿದಿದೆ."

"ಉಳಿಯಲೇಬೇಕಲ್ಲ."

"ತೂಕದ ವಿಷಯ ನಿಮಗೆ ಮೊದಲ ದಿನವೇ ಗೊತ್ತಿತ್ತು. ನನಗೆ ಪಾಠ ಆಗಲಿ ಅಂತ ಇಷ್ಟು ದಿನ ಸುಮ್ಮನಿದ್ದಿರಿ. ಅಲ್ವಾ?"

"ನನಗೆ ಗೊತ್ತಾದದ್ದು ನಿನ್ನೆ ಬೆಳಿಗ್ಗೆ. ನೀವಿಬ್ಬರೂ ಗಾಡಿ ಹತ್ತಿದಾಗ."

"ಹಾಗಾದ್ರೆ ಅಲ್ಲಿವರೆಗೆ?"

ಗುರುಗಳು ಬೆಟ್ಟದ ಕಡೆ ನೋಡಿದರು. ಗಾಡಿಯ ಸದ್ದು ದೂರದಲ್ಲಿ ಕರಗಿತ್ತು.

"ಅಲ್ಲಿವರೆಗೆ ನಾನೂ ಅವಳನ್ನು ನಂಬಿರಲಿಲ್ಲ, ಮರಿ. ನೀನು ಬಾಯಿ ಬಿಟ್ಟು ಅಂದೆ, ಕ್ಷಮೆ ಕೇಳೋಕೆ ದಾರಿ ಇತ್ತು. ನಾನು ಅಂದೇ ಇಲ್ಲ."