ಕಾಳಿಂಗ ಕೈ ತೊಳೆದದ್ದು

ನಗುವವರು ಹತ್ತಿರ ಬನ್ನಿ. ನಗಲಾರದವರು ಬಾಗಿಲು ಬಿಟ್ಟು ಕೂತುಕೊಳ್ಳಿ, ಗಾಳಿಯಾದರೂ ಒಳಗೆ ಬರಲಿ.

ನಿಂಗಾಜಮ್ಮ ಅಂತ ಒಬ್ಬ ತಾಯಿ. ಅವಳಿಗೆ ಕಾಳಿಂಗ ಅಂತ ಒಬ್ಬ ಮಗ. ಆಳು ನೋಡಿದರೆ ಕಂಬದ ಹಾಗೆ, ಬುದ್ಧಿ ಮಾತ್ರ ಇನ್ನೂ ತೊಟ್ಟಿಲಲ್ಲೇ ಮಲಗಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ತೊಂದರೆ. "ರಾಗಿ ಒಣಗಾಕಿವ್ನಿ, ನಾ ಬರಗಂಟ ಅದರ ಮ್ಯಾಲಿಂದ ಕಣ್ಣು ಕೀಳಬ್ಯಾಡ ಕಣ್ಲಾ" ಅಂತ ಹೇಳಿ ಅವಳು ಹೋದಳು. ಮಳೆ ಬಂತು. ರಾಗಿ ಕೊಚ್ಚಿಕೊಂಡು ಚರಂಡಿಗೆ ಹೋಯಿತು. ಕಾಳಿಂಗನೂ ಅದನ್ನೇ ನೋಡುತ್ತಾ ಚರಂಡಿಯವರೆಗೆ ಹೋದ.

"ಅಯ್ಯೋ ನನ್ನ ಕರ್ಮವೇ! ನಿನ್ನ ಕಟ್ಕಂಡು ಎಂಗ್ಲಾ ಬಾಳಾಟ ಮಾಡ್ಲಿ?"

"ನೀ ಹೇಳ್ದಂಗೇ ಮಾಡ್ದೆ ಕಣವ್ವ!"

ಹೀಗಿರುವಾಗ ಅವನ ತಂಗಿ ನೀಲಿ ಪಟ್ಟಣದ ಆಸ್ಪತ್ರೆಯಲ್ಲಿ ಹೆತ್ತಳು. ಹೊಟ್ಟೆ ಕುಯ್ದು ಮಗು ತೆಗೆದರು, ಹೊಲಿಗೆ ಹಾಕಿದರು. ಆ ಆಸ್ಪತ್ರೆಯನ್ನು ನೀವು ನೋಡಬೇಕು! ಮುಂದೆ ಕಾರಂಜಿ, ಮೆಟ್ಟಿಲಿಗೆಲ್ಲ ಅಮೃತಶಿಲೆ. ಹೆರಿಗೆ ವಾರ್ಡಿಗೆ ಮಾತ್ರ ತೆರೆಯಲು ಬಾರದ ಗಾಜಿನ ಕಿಟಕಿ, ಒಂದಕ್ಕೊಂದು ಅಂಟಿಕೊಂಡ ಮಂಚಗಳು. ಕೈ ತೊಳೆಯುವ ನಲ್ಲಿ ಎಲ್ಲಿ ಅಂತೀರಿ? ತಾನಾಗಿ ಮುಚ್ಚಿಕೊಳ್ಳುವ ಬಾಗಿಲು ದಾಟಿ, ಉದ್ದನೆಯ ಪಡಸಾಲೆ ನಡೆದು, ಕೊನೇ ಮೂಲೆಯಲ್ಲಿ. ಕಟ್ಟಿದವನಿಗೆ ಬಾಣಂತಿಯರ ಜ್ಞಾಪಕ ಬಂದದ್ದು ಕಾರಂಜಿಗೆ ಬಣ್ಣ ಬಳಿದ ಮೇಲೆ ಇರಬೇಕು.

ನೀಲಿಯ ಪಕ್ಕದ ಮಂಚದವಳ ಹೊಲಿಗೆ ಆಗಲೇ ಕೀವು ಕಟ್ಟಿತ್ತು. ಅವಳ ಪಕ್ಕದವಳಿಗೆ ಜ್ವರ. ಮುಂದಿನ ಸರದಿ ತನ್ನ ಮಗಳದೇನೋ ಅಂತ ನಿಂಗಾಜಮ್ಮ ನೀಲಿಯ ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಅಳಿಯ ಲಾರಿ ಹತ್ತಿ ದೂರ ಹೋಗಿದ್ದ. ಇದ್ದವನೊಬ್ಬ ಕಾಳಿಂಗ. ಗಂಡಸರು ಒಳಗೆ ಬರುವಂತಿರಲಿಲ್ಲ, ಆದರೆ ಮಂಚ ಎಳೆಯಲು, ಸಿಲಿಂಡರ್ ಹೊರಲು ಆಸ್ಪತ್ರೆಯವರಿಗೆ ಅವನೇ ಬೇಕಾಗಿದ್ದರಿಂದ ಯಾರೂ ತಡೆಯಲಿಲ್ಲ.

ಮೊದಲ ದಿನ ಕಾಳಿಂಗ ಗಂಜಿಯ ಪಾತ್ರೆ ಹಿಡಿದು ಬಂದ. ದಾರಿಯಲ್ಲಿ ನಾಯಿಯ ತಲೆ ಸವರಿದ್ದ, ಎಮ್ಮೆಯ ಬೆನ್ನು ತಟ್ಟಿದ್ದ. ಬಂದವನೇ ಪಾತ್ರೆಯನ್ನು ಬಾಗಿಲ ಬಳಿ ಇಟ್ಟು ಮಗುವಿಗೆ ಕೈ ಹಾಕಿದ.

"ಏಯ್! ಕೈ ತೊಳೀದೆ ಮುಟ್ತೀಯಾ?" ಅಂತ ನರ್ಸ್ ಫಿಲೋಮಿನಮ್ಮ ಕಿರುಚಿದರು. "ಸೋಪು ಹಾಕಿ ತೊಳ್ಕೋ! ತೊಳೆದ ಮೇಲೆ ಏನನ್ನೂ ಮುಟ್ಟದೆ ಸೀದಾ ಮಂಚದ ಹತ್ತಿರ ಬಾ!"

"ಆಗ್ಲಿ ಕಣಮ್ಮ!"

ಹೋದ. ತೊಳೆದ. ನಲ್ಲಿ ತಿರುಗಿಸಿ ನಿಲ್ಲಿಸಿದ. ಅಯ್ಯೋ, ನಲ್ಲಿ ಮುಟ್ಟಿಬಿಟ್ಟೆನಲ್ಲ! ಮತ್ತೆ ತೊಳೆದ. ಈ ಸಲ ನಲ್ಲಿಯನ್ನು ಹಾಗೇ ಬಿಟ್ಟು ಪಡಸಾಲೆಯುದ್ದಕ್ಕೂ ನಡೆದು ಬಂದ. ಬಾಗಿಲು ಮುಚ್ಚಿತ್ತು. ತಳ್ಳಿದ. ಅಯ್ಯೋ, ಬಾಗಿಲು ಮುಟ್ಟಿಬಿಟ್ಟೆನಲ್ಲ! ಮತ್ತೆ ಹೋದ, ತೊಳೆದ, ಬಂದ, ಮುಟ್ಟಿದ. ಹೋದ, ತೊಳೆದ, ಬಂದ, ಮುಟ್ಟಿದ. ಗಂಜಿ ಆರಿತು. ನೀಲಿಯ ಹೊಟ್ಟೆ ಚುರುಗುಟ್ಟಿತು. ಮೇಲಿನ ಟ್ಯಾಂಕು ಖಾಲಿಯಾಗಿ ಆಸ್ಪತ್ರೆಗೆ ಆಸ್ಪತ್ರೆಯೇ ನೀರು ನೀರು ಅಂತ ಬೊಬ್ಬೆ ಹೊಡೆಯಿತು. ಅಂಗೈ ಸುಕ್ಕುಗಟ್ಟಿದ್ದರೂ ಅವನು ಮಂಚ ಮುಟ್ಟಿರಲಿಲ್ಲ.

ನಿಂಗಾಜಮ್ಮ ಓಡಿ ಬಂದಳು. "ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಬಾಗ್ಲ ಕೈಲಿ ಯಾಕ್ಲಾ ಮುಟ್ಟೀಯೆ? ಅಡ್ಡ ಬಂದುದ್ದ ಬೆನ್ನಲ್ಲಿ ತಳ್ಕಂಡು ಬರಬೇಕು ಕಣ್ಲಾ!"

"ಆಗ್ಲಿ ಕಣವ್ವ!"

ಮಾರನೇ ದಿನ ನೀರು ಬಂದಿತ್ತು. ಕಾಳಿಂಗ ಕೈ ತೊಳೆದು, ಎರಡೂ ಕೈ ಮೇಲೆತ್ತಿಕೊಂಡು, ಬಾಗಿಲನ್ನು ಬೆನ್ನಲ್ಲಿ ತಳ್ಳಿ ಒಳಗೆ ಬಂದ. ಭೇಷ್! ಆದರೆ ನಿಂತನೇ? ಹಾಗೇ ಹಿಂದೆ ಹಿಂದೆ ನಡೆದ. ಒಬ್ಬಳು ಅಜ್ಜಿ ಅಡ್ಡ ಬಂದಳು, ಬೆನ್ನಲ್ಲಿ ತಳ್ಳಿದ. ಫ್ಲಾಸ್ಕು ಹಿಡಿದವಳೊಬ್ಬಳು ಅಡ್ಡ ಬಂದಳು, ಬೆನ್ನಲ್ಲಿ ತಳ್ಳಿದ. ಎರಡು ಮಂಚದ ನಡುವೆ ಹೇಗೋ ತೂರಿಕೊಂಡು ದೊಡ್ಡ ಡಾಕ್ಟ್ರು ಬಗ್ಗಿ ನಿಂತಿದ್ದರು. ಅವರನ್ನೂ ತಳ್ಳಿದ. ಡಾಕ್ಟ್ರು ಔಷಧಿಯ ತಟ್ಟೆಯ ಮೇಲೆ ದೊಪ್ಪನೆ ಬಿದ್ದರು. ಅಂಗಿಯೆಲ್ಲ ಕೆಂಪು ಟಿಂಚರ್!

"ಯಾರಯ್ಯ ಇವನು ದನ ನುಗ್ಗಿದ ಹಾಗೆ ನುಗ್ತಾನೆ? ಹೀಗೆ ಒಬ್ಬರ ಮೇಲೊಬ್ಬರು ಬಿದ್ದರೆ ರೋಗ ಹರಡದೆ ಇರುತ್ತಾ? ಒಬ್ಬರಿಗೂ ಒಬ್ಬರಿಗೂ ಮಧ್ಯೆ ಒಂದು ಮಾರು ಜಾಗ ಇರಬೇಕು!"

"ಆಗ್ಲಿ ಸಾಮಿ!"

ಮಧ್ಯಾಹ್ನ ನಿಂಗಾಜಮ್ಮ ಬಟ್ಟೆ ಒಗೆಯಲು ಹೋಗಿದ್ದಳು. ಕಾಳಿಂಗ ನೋಡಿದ. ನೀಲಿಗೂ ಮಗುವಿಗೂ ಮಧ್ಯೆ ಒಂದು ಬೆರಳು ಜಾಗವೂ ಇಲ್ಲ! ಕೈಗಳನ್ನು ಚಾಚಿ ಒಂದು ಮಾರು ಅಳೆದ. ಮಗುವನ್ನು ಎತ್ತಿ ಅಷ್ಟು ದೂರದ ಕಿಟಕಿ ಕಟ್ಟೆಯ ಮೇಲೆ ಮಲಗಿಸಿ ಕಾವಲು ನಿಂತ. ಮಗು ಹಾಲಿಗೆ ಚೀರಿತು.

"ಅಣ್ಣಯ್ಯಾ, ಕೂಸ ಕೊಡೋ!"

"ಊಹೂಂ. ಡಾಕ್ಟ್ರು ಹೇಳವ್ರೆ ಕಣಮ್ಮಿ, ಒಂದು ಮಾರು!"

ಹೊಲಿಗೆ ಹಿಡಿದುಕೊಂಡು ನೀಲಿ ಏಳಲು ಹೋದಳು. ನೋವಿಗೆ ಕುಸಿದು ಕೂತಳು. ಅಷ್ಟರಲ್ಲಿ ನಿಂಗಾಜಮ್ಮ ಬಂದಳು. ಮಗುವನ್ನು ತಾಯಿಯ ಮಡಿಲಿಗೆ ಹಾಕಿ, ಒದ್ದೆ ಸೀರೆಯಲ್ಲೇ ಮಗನಿಗೆ ನಾಲ್ಕು ಬಾರಿಸಿದಳು. ಫಿಲೋಮಿನಮ್ಮ ನೀಲಿಯ ಹೊಲಿಗೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ನೋಡಿದರು. ಅವರ ಮುಖ ಸಪ್ಪಗಾಯಿತು. ಗಾಯದ ಅಂಚು ಕೆಂಪಾಗಿತ್ತು.

"ಕೀವಾ ಅಮ್ಮಣ್ಣಿ?" ಅಂತ ನಿಂಗಾಜಮ್ಮ ಕೇಳಿದಳು.

"ಇನ್ನೂ ಇಲ್ಲ. ಆದರೆ ಕೈ ತೊಳೆದು ತೊಳೆದು ನೋಡ್ಕೋಬೇಕು. ನಾನು ಎಷ್ಟು ಸಲ ಅಂತ ಆ ಮೂಲೆಗೆ ಓಡಲಿ? ಹೋಗಿ ಬರೋದರಲ್ಲಿ ನಾಲ್ಕು ಮಂಚದವರು ಕೈ ಹಿಡ್ಕೊಂಡು ಎಳೀತಾರೆ."

ನಿಂಗಾಜಮ್ಮನಿಗೆ ಮಗನ ಮೇಲಿದ್ದ ಸಿಟ್ಟೆಲ್ಲ ಆ ಗೋಡೆಗಳ ಮೇಲೆ ತಿರುಗಿತು. ನೆಟ್ಟಗೆ ದೊಡ್ಡ ಡಾಕ್ಟ್ರ ಕೋಣೆಗೆ ಹೋದಳು.

"ಸಾಮಿ, ನನ್ನ ಮಗಳ ಮಂಚವ ನಲ್ಲಿ ಪಕ್ಕಕ್ಕೆ ಹಾಕ್ಸಿ. ಅಲ್ಲಿ ಗಾಳಿನೂ ಐತೆ."

"ಆಗಲ್ಲಮ್ಮ. ಪಡಸಾಲೇಲಿ ಮಂಚ ಹಾಕೋ ಹಾಗಿಲ್ಲ. ಕಟ್ಟಡದ ನಕ್ಷೆ ಇರೋದೇ ಹೀಗೆ. ಮೊದಲು ಆ ನಿನ್ನ ಪೆದ್ದ ಮಗನನ್ನ ಹೊರಗೆ ಕಳಿಸು."

"ನನ್ನ ಮಗ ಪೆದ್ದನೇ ಸಾಮಿ, ಊರಿಗೇ ಗೊತ್ತು. ಬಾಣಂತೀರ ಇಲ್ಲಿ ಮಡಗಿ, ನಲ್ಲೀನ ಅಲ್ಲಿ ಮಡಗ್ದೋನು ಯಾರ ಮಗ? ಅವನ್ನ ಯಾರೂ ಪೆದ್ದ ಅನ್ನಾಕಿಲ್ವಾ?"

ಡಾಕ್ಟ್ರು ಗಡಿಯಾರ ನೋಡಿದರು. "ಊಟದ ಹೊತ್ತು, ಆಮೇಲೆ ಬಾ" ಅಂದರು. ಆಮೇಲೆ ಅನ್ನುವುದು ಯಾವಾಗ ಅಂತ ನಿಂಗಾಜಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ವಾರ್ಡಿಗೆ ಬಂದಳು.

"ಲೋ ಕಾಳಿಂಗ! ಎಳೀಲಾ ಮಂಚವ! ನಲ್ಲಿ ಪಕ್ಕ ತಕ್ಕೋಗಿ ನಿಲ್ಸು!"

"ನೀಲೀದಾ ಅವ್ವ?"

ಕೀವಾದವಳು ನೋಡುತ್ತಿದ್ದಳು, ಜ್ವರದವಳು ನೋಡುತ್ತಿದ್ದಳು. ಅವರನ್ನು ಆ ಮುಚ್ಚಿದ ಕೋಣೆಯಲ್ಲಿ ಬಿಟ್ಟು ಹೋಗಲು ನಿಂಗಾಜಮ್ಮನಿಗೆ ಮನಸ್ಸು ಬರಲಿಲ್ಲ.

"ಎಲ್ಲಾರ್ದೂ! ಈ ಆಸ್ಪತ್ರೇಲಿ ಮನಗಿರೋರು ಒಬ್ಬರನ್ನೂ ಬುಡಬ್ಯಾಡ! ಯಾರ ಮೇಲೆ ಯಾರೂ ಬೀಳ್ದಂಗೆ, ಮಂಚ ಮಂಚಕ್ಕೂ ಜಾಗ ಬುಟ್ಟು ನಿಲ್ಸು. ಯಾರಾದ್ರೂ ಕೇಳುದ್ರೆ ನಮ್ಮವ್ವ ಹೇಳವ್ಳೆ ಅನ್ನು!"

"ಆಗ್ಲಿ ಕಣವ್ವ!"

ಎಳೆದನಪ್ಪ ಕಾಳಿಂಗ! ನೀಲಿಯ ಮಂಚ ಬಂತು. ಕೀವಾದವಳದು ಬಂತು, ಜ್ವರದವಳದು ಬಂತು. ಫಿಲೋಮಿನಮ್ಮ ಮೊದಲು "ಬೇಡ, ಬೇಡ" ಅಂದರು, ಆಮೇಲೆ ತಾವೇ ಬಾಗಿಲು ಹಿಡಿದುಕೊಂಡರು. ಪಡಸಾಲೆಯ ಕಿಟಕಿಗಳಿಂದ ಗಾಳಿ ಹರಿದಾಡಿತು. ಅವರು ಒಬ್ಬಳ ಗಾಯ ನೋಡುವುದು, ಪಕ್ಕಕ್ಕೆ ತಿರುಗಿ ಕೈ ತೊಳೆಯುವುದು, ಇನ್ನೊಬ್ಬಳ ಗಾಯ ನೋಡುವುದು. ನೀಲಿಯ ಹೊಲಿಗೆಗೆ ಹೊಸ ಬಟ್ಟೆ ಕಟ್ಟಿ, "ಹೀಗೇ ನೋಡ್ಕೊಂಡರೆ ಕೀವಾಗಕ್ಕೆ ಬಿಡಲ್ಲ ನಾನು" ಅಂದರು. ನಿಂಗಾಜಮ್ಮ ಆಸ್ಪತ್ರೆಗೆ ಬಂದ ಮೇಲೆ ಮೊದಲ ಸಲ ಗೋಡೆಗೆ ಒರಗಿ ಕೂತಳು.

ಕಾಳಿಂಗ ಖಾಲಿ ವಾರ್ಡನ್ನು ನೋಡಿದ. ಒಬ್ಬರನ್ನೂ ಬಿಡಬಾರದು ಅಂದಿದ್ದಾಳಲ್ಲ ಅವ್ವ! ಇನ್ನೂ ಯಾರಾದರೂ ಮಲಗಿದ್ದಾರೇನೋ ಅಂತ ಕೋಣೆ ಕೋಣೆ ಇಣುಕಿದ. ಇದ್ದರು, ಒಬ್ಬರು ಮಲಗಿದ್ದರು!

ಚಕ್ರದ ಮಂಚ ಗಡಗಡ ಉರುಳಿ ಬಂದು ನಲ್ಲಿಯ ಕೆಳಗೇ ನಿಂತಿತು. ಅದರ ಮೇಲೆ ದೊಡ್ಡ ಡಾಕ್ಟ್ರು! ಉಂಡು, ಕನ್ನಡಕ ಎದೆಯ ಮೇಲಿಟ್ಟುಕೊಂಡು, ಗೊರಕೆ ಹೊಡೆಯುತ್ತಿದ್ದರು. ಹಣೆಯ ಮೇಲೆ ಒಂದು ಹನಿ ಬಿತ್ತು. ಇನ್ನೊಂದು ಬಿತ್ತು. ಕಣ್ಣು ಬಿಟ್ಟರೆ ಮೇಲೆ ನಲ್ಲಿ, ಸುತ್ತ ಬಾಣಂತಿಯರು!

"ಯಾರೋ ಹೇಳಿದ್ದು ನಿಂಗೆ, ಇಲ್ಲಿಗೆ ಎಳ್ಕೊಂಡು ಬಾ ಅಂತ?"

"ನಮ್ಮವ್ವ ಹೇಳವ್ಳೆ ಸಾಮಿ!"

ಬಾಣಂತಿಯರು ಹೊಲಿಗೆ ಅದುಮಿ ಹಿಡಿದು ನಗು ತಡೆದುಕೊಂಡರು. ಈಗ ಬೈಗುಳ ಸುರಿಯುತ್ತದೆ ಅಂತ ಕಾಳಿಂಗ ತಲೆ ತಗ್ಗಿಸಿ ನಿಂತ.

ನಿಂಗಾಜಮ್ಮ ಎದ್ದು ಬಂದಳು. ಮಗನನ್ನು ಪಕ್ಕಕ್ಕೆ ಸರಿಸಿ, ಡಾಕ್ಟ್ರ ಕೈಗೆ ಸೋಪು ಕೊಟ್ಟಳು.

"ಊಂ ಸಾಮಿ, ನಾನೇ ಹೇಳ್ದೆ. ಕೈ ತೊಳ್ಕಂಡು ನನ್ನ ಮಗಳ ನೋಡಿ."